ಇಳಿಬಿದ್ದ ರೆಪ್ಪೆ, ಒಂದು ಹನಿ ಔಷಧ ಮತ್ತು ನಮ್ಮ ನರವ್ಯೂಹದ ಪಾಠ



ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ನರ ನಿಯಂತ್ರಣದ ಅಧ್ಯಾಯ ಮಾಡುವಾಗ ಸ್ವಾಯತ್ತ ನರವ್ಯೂಹಕ್ಕೆ ಎರಡು ಭಾಗಗಳಿವೆ ಎಂದು ಬರೆಸುತ್ತೇನೆ: ಅನುವೇದನಾ ಮತ್ತು ಪರಾನುವೇದನಾ. ತರಗತಿಯಲ್ಲಿ ನಾವು ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ಎಂದೇ ಹೇಳುತ್ತೇವೆ. ನೀವು ಅದನ್ನು ಒಂದು ಅಂಕದ ಪ್ರಶ್ನೆಗೆ ಕಲಿತು ಮುಂದೆ ಹೋಗುತ್ತೀರಿ. ಆದರೆ ಇದೇ ಪಾಠವನ್ನು ಕಣ್ಣಿನ ವೈದ್ಯರು ಪ್ರತಿದಿನ ಒಂದು ಹನಿ ಔಷಧದಿಂದ ರೋಗಿಯ ಮುಖದ ಮೇಲೇ ಓದುತ್ತಾರೆ. ಅದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

ರೆಪ್ಪೆಯನ್ನು ಎತ್ತಿ ಹಿಡಿಯುವವರು ಯಾರು?

ಮೇಲಿನ ರೆಪ್ಪೆ ತಾನಾಗಿ ತೆರೆದಿರುವುದಿಲ್ಲ. ಎಚ್ಚರವಿರುವಷ್ಟು ಹೊತ್ತೂ ಅದನ್ನು ಯಾರೋ ಎತ್ತಿ ಹಿಡಿದಿರಬೇಕು. ಆ ಕೆಲಸಕ್ಕೆ ಎರಡು ಸ್ನಾಯುಗಳಿವೆ.

ಮೊದಲನೆಯದು ಲಿವೇಟರ್ ಸ್ನಾಯು. ಇದು ದೊಡ್ಡ ಕೆಲಸಗಾರ. ಕೆಳಗೆ ನೋಡುತ್ತಿದ್ದವರು ಮೇಲೆ ನೋಡಿದಾಗ ರೆಪ್ಪೆ 12ರಿಂದ 15 ಮಿಲಿಮೀಟರ್‌ನಷ್ಟು ಮೇಲೇರುವುದು ಇದರಿಂದ. ಇದಕ್ಕೆ ಆಜ್ಞೆ ಬರುವುದು ಮೂರನೆಯ ಕಪಾಲ ನರದಿಂದ. ಇದು ಐಚ್ಛಿಕ ಸ್ನಾಯು, ನಮ್ಮ ಮಾತು ಕೇಳುತ್ತದೆ.

ಎರಡನೆಯದು ಅದರ ಹಿಂದೆ ಅಡಗಿರುವ ಸಣ್ಣ ಮುಲ್ಲರ್ ಸ್ನಾಯು. ಜರ್ಮನಿಯ ಹೈನ್ರಿಚ್ ಮುಲ್ಲರ್ ಇದನ್ನು 1858ರಲ್ಲಿ ವಿವರಿಸಿದರು. ಇದು ಅನೈಚ್ಛಿಕ ಸ್ನಾಯು. ಇದರ ಪಾಲು ಸುಮಾರು 2 ಮಿಲಿಮೀಟರ್ ಮಾತ್ರ. ಇದನ್ನು ನಡೆಸುವುದು ಅನುವೇದನಾ ನರ. ಗಾಬರಿಯಾದಾಗ ಕಣ್ಣು ಅರಳುವುದರಲ್ಲಿ ಇದರದೂ ಪಾಲಿದೆ.

ರೆಪ್ಪೆ ಇರಬೇಕಾದ ಮಟ್ಟಕ್ಕಿಂತ ಕೆಳಗಿದ್ದರೆ ಅದಕ್ಕೆ ಟೋಸಿಸ್ ಎಂದು ಹೆಸರು. ಅದನ್ನು ಅಳೆಯಲು ವೈದ್ಯರು ಕಣ್ಣಿಗೆ ಟಾರ್ಚ್ ಬೆಳಕು ಹಿಡಿಯುತ್ತಾರೆ. ಪಾಪೆಯ ನಡುವೆ ಒಂದು ಚುಕ್ಕೆ ಬೆಳಕು ಹೊಳೆಯುತ್ತದೆ. ಆ ಚುಕ್ಕೆಯಿಂದ ಮೇಲಿನ ರೆಪ್ಪೆಯ ಅಂಚಿನವರೆಗೆ ಎಷ್ಟು ದೂರ ಎಂಬುದೇ ಲೆಕ್ಕ. ಸಾಮಾನ್ಯವಾಗಿ ಅದು 4ರಿಂದ 5 ಮಿಲಿಮೀಟರ್ ಇರುತ್ತದೆ. 2 ಇದ್ದರೆ ರೆಪ್ಪೆ ಇಳಿದಿದೆ. ಸೊನ್ನೆ ಎಂದರೆ ರೆಪ್ಪೆ ಪಾಪೆಯ ನಡುವಿನವರೆಗೆ ಬಂದು ದೃಷ್ಟಿಗೇ ಅಡ್ಡವಾಗಿದೆ ಎಂದರ್ಥ.

ಇಳಿದಿದೆ ಎಂದು ಗೊತ್ತಾಯಿತು. ಯಾಕೆ ಇಳಿದಿದೆ? ವಯಸ್ಸಾದಂತೆ ಲಿವೇಟರ್‌ನ ತುದಿಯ ಪಟ್ಟಿ ಸಡಿಲವಾಗಿರಬಹುದು. ಹುಟ್ಟಿನಿಂದಲೇ ಸ್ನಾಯು ದುರ್ಬಲವಾಗಿರಬಹುದು. ನರ ಕೆಟ್ಟಿರಬಹುದು. ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ತೊಂದರೆ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹದ ನಿದ್ದೆಗಣ್ಣು. ಹನಿ ಪರೀಕ್ಷೆ ನೆರವಿಗೆ ಬರುವುದು ಇಲ್ಲಿ.

ಮೊದಲ ಹನಿ: ಫಿನೈಲೆಫ್ರಿನ್

ಅನುವೇದನಾ ನರದ ತುದಿಯಿಂದ ಹೊರಬರುವ ರಾಸಾಯನಿಕ ನಾರ್‌ಅಡ್ರಿನಲಿನ್. ಅದು ಸ್ನಾಯುವಿನ ಮೇಲಿರುವ ಗ್ರಾಹಕಗಳಿಗೆ ಅಂಟಿದರೆ ಸ್ನಾಯು ಬಿಗಿಯುತ್ತದೆ. ಫಿನೈಲೆಫ್ರಿನ್ ಎಂಬ ಔಷಧ ಅದೇ ಗ್ರಾಹಕಗಳಿಗೆ ನೇರವಾಗಿ ಅಂಟುತ್ತದೆ. ಮಧ್ಯೆ ನರದ ಹಂಗಿಲ್ಲ.

ಪರೀಕ್ಷೆ ಸರಳ. ರೆಪ್ಪೆಯ ಎತ್ತರ ಅಳೆದು ಬರೆದುಕೊಳ್ಳುತ್ತಾರೆ. ಶೇಕಡಾ 2.5ರ ಫಿನೈಲೆಫ್ರಿನ್ ಹನಿಯನ್ನು ಇಳಿದ ಕಣ್ಣಿಗೆ ಹಾಕುತ್ತಾರೆ. 5ರಿಂದ 10 ನಿಮಿಷ ಕಾಯ್ದು ಮತ್ತೆ ಅಳೆಯುತ್ತಾರೆ. ರೆಪ್ಪೆ ಚೆನ್ನಾಗಿ ಮೇಲೆದ್ದರೆ ಮುಲ್ಲರ್ ಸ್ನಾಯು ಕೆಲಸ ಮಾಡುವ ಸ್ಥಿತಿಯಲ್ಲಿದೆ ಎಂದು ತಿಳಿಯುತ್ತದೆ. ಅಂಥವರಿಗೆ ರೆಪ್ಪೆಯ ಒಳಮೈಯಿಂದಲೇ ಆ ಸ್ನಾಯುವನ್ನು ಸ್ವಲ್ಪ ಮೊಟಕುಗೊಳಿಸುವ ಸಣ್ಣ ಶಸ್ತ್ರಚಿಕಿತ್ಸೆ ಸಾಕಾಗಬಹುದು. ಹೊರಗೆ ಗಾಯದ ಗುರುತೂ ಇರುವುದಿಲ್ಲ. ರೆಪ್ಪೆ ಕದಲದಿದ್ದರೆ ಸಾಮಾನ್ಯವಾಗಿ ಲಿವೇಟರ್ ಸ್ನಾಯುವನ್ನೇ ಸರಿಪಡಿಸುವ ದಾರಿ ಹಿಡಿಯುತ್ತಾರೆ.

ಒಂದು ಮಾತು ಗಮನಿಸಿ. ಈ ಹನಿ ರೋಗದ ಕಾರಣವನ್ನು ಹೇಳುವುದಿಲ್ಲ. ವಯಸ್ಸಿನಿಂದ ಇಳಿದ ರೆಪ್ಪೆಯೂ ಏಳಬಹುದು, ಅನುವೇದನಾ ನರ ಕೆಟ್ಟು ಇಳಿದ ರೆಪ್ಪೆಯೂ ಏಳಬಹುದು. ಯಾವ ಶಸ್ತ್ರಚಿಕಿತ್ಸೆ ಹೊಂದುತ್ತದೆ ಎಂಬ ಸುಳಿವನ್ನಷ್ಟೇ ಇದು ಕೊಡುತ್ತದೆ.

ಇದರಿಂದ ಇನ್ನೊಂದು ಸ್ವಾರಸ್ಯವೂ ಬಯಲಾಗುತ್ತದೆ. ಮಿದುಳು ಎರಡೂ ರೆಪ್ಪೆಗಳಿಗೆ ಸಮನಾದ ಆಜ್ಞೆ ಕಳಿಸುತ್ತದೆ. ಇದನ್ನು ಹೆರಿಂಗ್ ನಿಯಮ ಎನ್ನುತ್ತಾರೆ. ಬಲ ರೆಪ್ಪೆ ಇಳಿದಿದ್ದರೆ ಮಿದುಳು ಅದನ್ನು ಎತ್ತಲು ಹೆಚ್ಚು ಬಲ ಹಾಕುತ್ತದೆ, ಆ ಹೆಚ್ಚಿನ ಬಲ ಎಡಕ್ಕೂ ಹೋಗುತ್ತದೆ. ಬಲಗಣ್ಣಿಗೆ ಹನಿ ಹಾಕಿ ಆ ರೆಪ್ಪೆ ಎದ್ದಾಗ ಮಿದುಳು ಕೈ ಸಡಿಲಿಸುತ್ತದೆ. ಆಗ ಅಲ್ಲಿಯವರೆಗೆ ಸರಿಯಾಗಿ ಕಾಣುತ್ತಿದ್ದ ಎಡ ರೆಪ್ಪೆ ಕೆಳಗಿಳಿಯಬಹುದು. ತಕ್ಕಡಿಯ ಒಂದು ತಟ್ಟೆ ಮೇಲೇರಿದರೆ ಇನ್ನೊಂದು ಇಳಿದ ಹಾಗೆ. ಇದನ್ನು ಮೊದಲೇ ಕಂಡುಕೊಂಡರೆ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಇನ್ನೊಂದು ಇಳಿಯಿತೆಂದು ಪೇಚಾಡುವುದು ತಪ್ಪುತ್ತದೆ.

ಎರಡನೆಯ ಹನಿ: ಅಪ್ರಾಕ್ಲೊನಿಡಿನ್

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಮುಲ್ಲರ್ ಸ್ನಾಯುವಿಗೆ ಬರುವ ಅನುವೇದನಾ ನರ ಯಾವ ದಾರಿಯಿಂದ ಬರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ "ಮಿದುಳಿನಿಂದ ಕಣ್ಣಿಗೆ, ಮೇಡಂ" ಎನ್ನುತ್ತೀರಿ. ಆರಂಭ ಮಿದುಳೇ, ಕೊನೆ ಕಣ್ಣೇ. ಆದರೆ ನಡುವಿನ ದಾರಿ ಎದೆಯನ್ನು ಸುತ್ತಿ ಬರುತ್ತದೆ.

ಆ ದಾರಿಯಲ್ಲಿ ಮೂರು ನರಕೋಶಗಳ ಸರಪಳಿ ಇದೆ. ಮೊದಲನೆಯದು ಮಿದುಳಿನ ಹೈಪೋಥಲಾಮಸ್‌ನಿಂದ ಹೊರಟು ಬೆನ್ನುಹುರಿಯಲ್ಲಿ ಕತ್ತು ಮತ್ತು ಎದೆ ಸೇರುವ ಮಟ್ಟದವರೆಗೆ ಇಳಿಯುತ್ತದೆ. ಎರಡನೆಯದು ಅಲ್ಲಿಂದ ಹೊರಬಂದು ಶ್ವಾಸಕೋಶದ ನೆತ್ತಿಯ ಮೇಲೆ ಹಾದು, ಕತ್ತಿನಲ್ಲಿ ಮೇಲೇರಿ ದವಡೆಯ ಮೂಲೆಯ ಹತ್ತಿರದ ನರಗ್ರಂಥಿಗೆ ತಲುಪುತ್ತದೆ. ಮೂರನೆಯದು ಕೆರೊಟಿಡ್ ಅಪಧಮನಿಯ ಗೋಡೆ ಹಿಡಿದು ತಲೆಬುರುಡೆಯೊಳಗೆ ಹೋಗಿ ಕಣ್ಣು ಸೇರುತ್ತದೆ. ಅಲ್ಲಿ ಅದು ಮುಲ್ಲರ್ ಸ್ನಾಯುವನ್ನೂ ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನೂ ನಡೆಸುತ್ತದೆ.

ಈ ಉದ್ದ ದಾರಿಯಲ್ಲಿ ಎಲ್ಲಿ ಕಡಿತ ಬಿದ್ದರೂ ಆ ಬದಿಯ ರೆಪ್ಪೆ 1ರಿಂದ 2 ಮಿಲಿಮೀಟರ್ ಇಳಿಯುತ್ತದೆ, ಪಾಪೆ ಕಿರಿದಾಗುತ್ತದೆ. ಕೆಲವರಲ್ಲಿ ಮುಖದ ಆ ಬದಿ ಬೆವರುವುದಿಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಫ್ರೀಡ್ರಿಚ್ ಹಾರ್ನರ್ 1869ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಹಾರ್ನರ್ ಸಿಂಡ್ರೋಮ್ ಎಂದು ಹೆಸರು.

ಕಡಿತ ಬಿದ್ದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ನಾರ್‌ಅಡ್ರಿನಲಿನ್ ಬರುವುದು ನಿಂತಾಗ ಸ್ನಾಯುವು ತನ್ನ ಮೇಲಿನ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ನಮ್ಮ ಬೀದಿಗಳಲ್ಲಿ ನಾಲ್ಕು ದಿನ ಕಾವೇರಿ ನೀರು ಬಾರದಿದ್ದರೆ ಏನಾಗುತ್ತದೆ? ಒಂದು ಬಿಂದಿಗೆ ಇಡುತ್ತಿದ್ದ ಮನೆಯವರು ಬಕೆಟ್, ಡ್ರಮ್ಮು, ಕೊನೆಗೆ ಅಡುಗೆ ಪಾತ್ರೆಯನ್ನೂ ತಂದು ಸಾಲಾಗಿ ಇಡುತ್ತಾರೆ. ಸಣ್ಣ ಮಳೆ ಹನಿದರೂ ಒಂದು ತೊಟ್ಟು ವ್ಯರ್ಥವಾಗುವುದಿಲ್ಲ. ಸ್ನಾಯುವೂ ಹಾಗೇ, ಬಾಯಾರಿ ಕಾದಿರುತ್ತದೆ.

ಅಪ್ರಾಕ್ಲೊನಿಡಿನ್ ಮೂಲತಃ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡಕ್ಕೆ ಬಳಸುವ ಹನಿ. ಪಾಪೆ ಹಿಗ್ಗಿಸುವ ಗ್ರಾಹಕಗಳ ಮೇಲೆ ಅದರ ಶಕ್ತಿ ಬಹಳ ಕಡಿಮೆ, ಆ ಸಣ್ಣ ಮಳೆಯಷ್ಟೇ. ಆರೋಗ್ಯವಂತ ಕಣ್ಣಿನ ಪಾಪೆ ಅದಕ್ಕೆ ಹಿಗ್ಗುವುದಿಲ್ಲ, ತುಸು ಕುಗ್ಗಲೂಬಹುದು. ಹಾರ್ನರ್ ಇರುವ ಕಣ್ಣಿನ ಪಾಪೆ ಹಿಗ್ಗುತ್ತದೆ, ರೆಪ್ಪೆ ಏಳುತ್ತದೆ. ಮೊದಲು ಚಿಕ್ಕದಾಗಿದ್ದ ಪಾಪೆಯೇ ಈಗ ದೊಡ್ಡದು. ಈ ಅದಲುಬದಲೇ ಪರೀಕ್ಷೆಯ ಉತ್ತರ. ರೆಪ್ಪೆ ಏಳುವುದೊಂದನ್ನೇ ನಂಬುವಂತಿಲ್ಲ, ಆರೋಗ್ಯವಂತ ರೆಪ್ಪೆಯೂ ಈ ಹನಿಗೆ ತುಸು ಏಳುವುದುಂಟು. ಈ ಪರೀಕ್ಷೆ ವೈದ್ಯಪತ್ರಿಕೆಗಳಲ್ಲಿ ಬಂದದ್ದು 2000ನೆಯ ಇಸವಿಯಲ್ಲಿ.

ಅದಕ್ಕೂ ಮೊದಲು ಕೊಕೇನ್ ಹನಿ ಬಳಸುತ್ತಿದ್ದರು. ಹೌದು, ಅದೇ ಕೊಕೇನ್. ಅದು ನರದ ತುದಿಯಿಂದ ಹೊರಬಂದ ನಾರ್‌ಅಡ್ರಿನಲಿನ್ ವಾಪಸು ಹೋಗದಂತೆ ತಡೆಯುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಅದು ಶೇಖರವಾಗಿ ಪಾಪೆ ಹಿಗ್ಗುತ್ತದೆ. ಹಾರ್ನರ್ ಕಣ್ಣಿನಲ್ಲಿ ಹೊರಬರುವುದೇ ಇಲ್ಲ, ಹಾಗಾಗಿ ತಡೆಯಲು ಏನೂ ಇಲ್ಲ, ಪಾಪೆ ಹಿಗ್ಗುವುದಿಲ್ಲ. ಕೊಕೇನ್ 1985ರ ಮಾದಕ ವಸ್ತು ಕಾಯ್ದೆಯ ಹಿಡಿತದಲ್ಲಿರುವುದರಿಂದ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಒಂದೇ ರೋಗ, ಎರಡು ಹನಿ, ಎರಡು ವಿರುದ್ಧ ಉತ್ತರ! ಯಾಕೆ ಎಂದು ವಿವರಿಸಬಲ್ಲವರಿಗೆ ಸಿನಾಪ್ಸಿನ ಪಾಠ ಪೂರ್ತಿ ಅರ್ಥವಾಗಿದೆ ಎಂದು ಅಂಕ ಕೊಡುತ್ತೇನೆ.

ನಾನು ಕಣ್ಣಾರೆ ಕಂಡ ಒಂದು ಪರೀಕ್ಷೆ

ಈ ವಿಷಯ ಬರೆಯಲು ಒಂದು ಕಾರಣವಿದೆ. ಗಿರಿನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನನ್ನ ಮಾಮು ಒಬ್ಬರಿಗೆ ಎಡ ರೆಪ್ಪೆ ಸ್ವಲ್ಪ ಇಳಿದಿತ್ತು. ಸೂಜಿಗೆ ದಾರ ಪೋಣಿಸಲು ತೊಂದರೆ ಇರಲಿಲ್ಲ, ನೋವಿರಲಿಲ್ಲ. ಬೀದಿಯವರೆಲ್ಲ ವಯಸ್ಸು ಎಂದರು. ಕೆಲವು ತಿಂಗಳಿಂದ ಎಡ ಭುಜ ನೋಯುತ್ತಿತ್ತು. ಅದಕ್ಕೆ ಹೊಲಿಗೆ ಮಿಷನ್ ಕಾರಣ ಎಂದು ಬಾಮು ಹಚ್ಚುತ್ತಿದ್ದರು. ಮೂವತ್ತು ವರ್ಷದ ಬೀಡಿಯ ಅಭ್ಯಾಸವಿತ್ತು.

ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ವೈದ್ಯರು ರೆಪ್ಪೆ ನೋಡಿ ಸುಮ್ಮನಾಗಲಿಲ್ಲ. ಕೋಣೆಯ ದೀಪ ಆರಿಸಿದರು. ಕತ್ತಲಲ್ಲಿ ಬಲ ಪಾಪೆ ಹಿಗ್ಗಿತು, ಎಡದ್ದು ಹಿಂದೆ ಉಳಿಯಿತು. ಎರಡೂ ಕಣ್ಣಿಗೆ ಅಪ್ರಾಕ್ಲೊನಿಡಿನ್ ಹಾಕಿ ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆಯ ನಂತರ ಎಡ ರೆಪ್ಪೆ ಎದ್ದಿತ್ತು, ಎಡ ಪಾಪೆ ಬಲದ್ದಕ್ಕಿಂತ ದೊಡ್ಡದಾಗಿತ್ತು. ಮಾಮು ಕನ್ನಡಿಯಲ್ಲಿ ನೋಡಿಕೊಂಡು ಖುಷಿಯಾದರು.

"ಡಾಕ್ಟ್ರೇ, ಒಂದೇ ಹನಿಗೆ ವಾಸಿಯಾಯ್ತಲ್ಲ! ಆ ಬಾಟ್ಲಿ ಹೆಸರು ಬರ್ಕೊಡಿ" ಎಂದರು.

"ಪಾಪೆ ದೊಡ್ಡದಾಗಿದ್ದಕ್ಕೇ ನನಗೆ ಚಿಂತೆ, ಯಜಮಾನ್ರೇ. ಸಂಜೆಗೆ ಕಣ್ಣು ಮೊದಲಿನಂತೆಯೇ ಆಗುತ್ತೆ. ನೀವು ತಡ ಮಾಡದೆ ಎದೆ, ಕತ್ತು, ತಲೆ ಮೂರಕ್ಕೂ ಸ್ಕ್ಯಾನ್ ಮಾಡಿಸಿ" ಎಂದರು ವೈದ್ಯರು.

"ಕಣ್ಣಿಗೂ ಎದೆಗೂ ಏನು ಸಂಬಂಧ?" ಎಂದು ಮಾಮು ನನ್ನ ಮುಖ ನೋಡಿದರು. ನಾನು ಆ ಕಾಗದದ ಹಿಂಬದಿಯಲ್ಲಿ ಮೂರು ನರಕೋಶಗಳ ಚಿತ್ರ ಬರೆದು ತೋರಿಸಿದೆ. ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಚಿತ್ರವೇ. ಕೈ ಮಾತ್ರ ನಡುಗುತ್ತಿತ್ತು. ಸ್ಕ್ಯಾನ್‌ನಲ್ಲಿ ಎಡ ಶ್ವಾಸಕೋಶದ ನೆತ್ತಿಯಲ್ಲಿ ಗಂಟು ಸಿಕ್ಕಿತು. ಭುಜದ ನೋವಿಗೂ ಅದೇ ಕಾರಣ. ಅಮೆರಿಕದ ವೈದ್ಯ ಹೆನ್ರಿ ಪ್ಯಾಂಕೋಸ್ಟ್ ಹೆಸರಿನಲ್ಲಿ ಇಂಥ ಗಂಟನ್ನು ಪ್ಯಾಂಕೋಸ್ಟ್ ಗಡ್ಡೆ ಎನ್ನುತ್ತಾರೆ. ಮುಂದಿನ ಚಿಕಿತ್ಸೆಯ ಕಥೆ ನಮ್ಮ ಮನೆಯದು, ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಹನಿಯ ಪರೀಕ್ಷೆ ಆಗದಿದ್ದರೆ ಬಾಮು ಹಚ್ಚುತ್ತಲೇ ಇನ್ನಷ್ಟು ತಿಂಗಳು ಕಳೆಯುತ್ತಿದ್ದವು ಎಂಬುದು ಮಾತ್ರ ನಿಮಗೆ ತಿಳಿದಿರಲಿ.

ಹಾರ್ನರ್ ಕಂಡವರಿಗೆಲ್ಲ ಗಡ್ಡೆಯೇ ಇರುತ್ತದೆ ಎಂದು ಹೆದರಬೇಡಿ. ಕತ್ತಿನ ಪೆಟ್ಟು, ಹಿಂದಿನ ಶಸ್ತ್ರಚಿಕಿತ್ಸೆ, ಹೆರಿಗೆಯ ವೇಳೆ ಮಗುವಿನ ಕತ್ತಿನ ನರಗಳ ಎಳೆತ, ಹೀಗೆ ಕಾರಣಗಳು ಹಲವು. ಆದರೆ ಕತ್ತು ನೋವಿನ ಜೊತೆ ದಿಢೀರನೆ ಕಾಣಿಸಿಕೊಂಡರೆ ಕೆರೊಟಿಡ್ ಅಪಧಮನಿಯ ಗೋಡೆ ಸೀಳಿರಬಹುದು. ಆಗ ಪಾರ್ಶ್ವವಾಯುವಿನ ಅಪಾಯವಿದೆ. ಹನಿಯ ಫಲಕ್ಕೂ ಕಾಯದೆ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಕಾರಣವೂ ಇದೆ: ಗ್ರಾಹಕಗಳು ಹೆಚ್ಚಲು ದಿನಗಳು ಬೇಕಾಗಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ಹನಿ "ಇಲ್ಲ" ಎಂದರೂ ರೋಗ ಇಲ್ಲವೆಂದು ಹೇಳಲಾಗದು.

ಹನಿಗಾಗಿ ಕಾಯಬಾರದ ರೆಪ್ಪೆಗಳು

ರೆಪ್ಪೆ ಪೂರ್ತಿ ಇಳಿದು, ಪಾಪೆ ಹಿಗ್ಗಿ, ಕಣ್ಣುಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿದ್ದರೆ ಮೂರನೆಯ ಕಪಾಲ ನರ ಕೆಟ್ಟಿದೆ ಎಂದರ್ಥ. ಜೊತೆಗೆ ಜೋರು ತಲೆನೋವಿದ್ದರೆ ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಅದು ತುರ್ತು ಸ್ಥಿತಿ.

ಬೆಳಿಗ್ಗೆ ಸರಿಯಿದ್ದು ಸಂಜೆಗೆ ಇಳಿಯುವ ರೆಪ್ಪೆ ಮಯಸ್ತೀನಿಯಾ ಗ್ರೇವಿಸ್ ಇರಬಹುದು. ಇಲ್ಲಿ ನರಕ್ಕೂ ಸ್ನಾಯುವಿಗೂ ನಡುವಿನ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ದೇಹವೇ ಶತ್ರು. ಇದಕ್ಕೆ ಹನಿ ಬೇಡ, ಮಂಜುಗಡ್ಡೆ ಸಾಕು. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಚೀಲ ಇಟ್ಟು ತೆಗೆದಾಗ ರೆಪ್ಪೆ 2 ಮಿಲಿಮೀಟರ್ ಅಥವಾ ಹೆಚ್ಚು ಎದ್ದರೆ ಬಲವಾದ ಸುಳಿವು.

ಊರಿನಿಂದ ಬಂದ ವಿದ್ಯಾರ್ಥಿಗಳು ಇದನ್ನು ಮನೆಯವರಿಗೂ ಹೇಳಿ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದಾಗ ವಿಷ ಏರುವುದರ ಮೊದಲ ಗುರುತುಗಳಲ್ಲಿ ಎರಡೂ ರೆಪ್ಪೆ ಇಳಿಯುವುದು ಒಂದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಊತವಾಗಲಿ ಹೆಚ್ಚಿರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ತೆರೆಯಲಾಗದ ಕಣ್ಣು. "ನಿದ್ದೆ ಸಾಲದು, ಮಲಗಲಿ" ಎಂದು ಬಿಟ್ಟರೆ ಉಸಿರಾಟದ ಸ್ನಾಯುಗಳ ಸರದಿ ಬರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ನೀವು ಕೇಳಿದ ಪ್ರಶ್ನೆಗಳು

"ಮೂಗು ಕಟ್ಟಿದಾಗ ಹಾಕುವ ಹನಿಯನ್ನೇ ಕಣ್ಣಿಗೆ ಹಾಕಬಹುದಾ ಮೇಡಂ?" ಖಂಡಿತ ಬೇಡ. ಮೂಗಿನ ಹನಿಯಲ್ಲಿರುವ ಆಕ್ಸಿಮೆಟಜೊಲಿನ್ ಎಂಬ ಔಷಧವನ್ನೇ ಶೇಕಡಾ 0.1ರ ಕಣ್ಣಿನ ಹನಿಯಾಗಿ ತಯಾರಿಸಿ, ಇಳಿದ ರೆಪ್ಪೆಗೆ ಬಳಸಲು ಅಮೆರಿಕದಲ್ಲಿ 2020ರಲ್ಲಿ ಅನುಮತಿ ಕೊಟ್ಟಿದ್ದು ನಿಜ. ಆದರೆ ಮೂಗಿಗೆಂದು ಮಾಡಿದ್ದು ಕಣ್ಣಿಗಲ್ಲ. ಅಷ್ಟೇ ಅಲ್ಲ, ಕಾರಣ ತಿಳಿಯದೆ ರೆಪ್ಪೆ ಎತ್ತಿಕೊಂಡರೆ ಮಾಮುವಿನಂಥವರ ಗುರುತೇ ಮುಚ್ಚಿಹೋಗುತ್ತದೆ.

"ಹನಿ ಎಲ್ಲರಿಗೂ ಸುರಕ್ಷಿತವೇ?" ಅಲ್ಲ. ಶೇಕಡಾ 10ರ ಫಿನೈಲೆಫ್ರಿನ್ ರಕ್ತದೊತ್ತಡ ಏರಿಸಬಲ್ಲದು. ಹೃದ್ರೋಗಿಗಳಲ್ಲಿ ಬಹಳ ಎಚ್ಚರ ಬೇಕು. ಅಪ್ರಾಕ್ಲೊನಿಡಿನ್ ಹಸುಗೂಸುಗಳಿಗೆ ಬೇಡ. ಮಂಪರು ಬಂದು ಉಸಿರಾಟವೇ ನಿಧಾನವಾಗಬಹುದು. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಕಣ್ಣೀರಿನ ನಾಳದ ಮೂಲಕ ಮೂಗು, ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ರಂಜಾನ್‌ನಲ್ಲಿ ರೋಜಾ ಇರುವವರು ಈ ಪರೀಕ್ಷೆಯನ್ನು ಇಫ್ತಾರ್ ನಂತರಕ್ಕೋ ಬೇರೆ ದಿನಕ್ಕೋ ಇಡಬಹುದೇ ಎಂದು ವೈದ್ಯರನ್ನೂ, ಮಸಲೆಯನ್ನು ಮೌಲಾನಾ ಅವರನ್ನೂ ಕೇಳಿಕೊಳ್ಳಿ. ತುರ್ತಿದ್ದರೆ ವೈದ್ಯರ ಮಾತೇ ಮೊದಲು.

"ಪರೀಕ್ಷೆಗೆ ಹೋಗುವ ಮುನ್ನ ಏನು ಮಾಡಬೇಕು?" ಸುರ್ಮಾ ತೊಳೆದುಕೊಂಡು ಹೋಗಿ, ರೆಪ್ಪೆಯ ಅಂಚು ಸ್ಪಷ್ಟವಾಗಿ ಕಾಣಲಿ. ಹಳೆಯ ಫೋಟೊ ಒಯ್ಯಿರಿ. ಮದುವೆ ಆಲ್ಬಮ್ಮೋ ಹಳೆಯ ಗುರುತಿನ ಚೀಟಿಯೋ ರೆಪ್ಪೆ ಯಾವಾಗ ಇಳಿಯಿತೆಂದು ಸಾಕ್ಷಿ ಹೇಳುತ್ತದೆ. ಕಣ್ಣಿನ ಹಿಂಭಾಗ ನೋಡಲು ಹಾಕುವ ಹನಿಯಲ್ಲಿ ಸಾಮಾನ್ಯವಾಗಿ ಫಿನೈಲೆಫ್ರಿನ್ ಸೇರಿರುತ್ತದೆ. ಅದನ್ನು ಮೊದಲು ಹಾಕಿಬಿಟ್ಟರೆ ರೆಪ್ಪೆಯೂ ಪಾಪೆಯೂ ನಿಜ ಹೇಳುವುದಿಲ್ಲ. ಆದ್ದರಿಂದ "ನನಗೆ ರೆಪ್ಪೆ ಇಳಿದಿದೆ" ಎಂದು ಹನಿ ಹಾಕುವ ಸಿಬ್ಬಂದಿಗೆ ಮುಂಚೆಯೇ ಹೇಳಿ.

"ಎಲ್ಲಿಗೆ ಹೋಗಬೇಕು?" ನಮ್ಮ ಕಡೆಯಿಂದ ದೂರವೇನಿಲ್ಲ. 1896ರಲ್ಲಿ ಸಣ್ಣದಾಗಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಕೆ.ಆರ್. ಮಾರುಕಟ್ಟೆಯ ಬಳಿ ಇದೆ. ನರದ ತೊಂದರೆ ಎಂದು ಅನುಮಾನವಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ.

ಮಾಡಿ ನೋಡಿ: ಹನಿ ಬೇಡ, ಸ್ಕೇಲ್ ಸಾಕು

ಇಬ್ಬರು ಎದುರುಬದುರು ಕುಳಿತುಕೊಳ್ಳಿ. ಒಬ್ಬರು ನೇರವಾಗಿ ನೋಡಲಿ, ಹುಬ್ಬು ಏರಿಸಬಾರದು. ಇನ್ನೊಬ್ಬರು ಒಂದು ಮೊಳ ದೂರದಿಂದ ಸಣ್ಣ ಟಾರ್ಚ್ ಹಿಡಿದು ಹೊಳೆಯುವ ಚುಕ್ಕೆಯಿಂದ ರೆಪ್ಪೆಯ ಅಂಚಿನವರೆಗೆ ಸ್ಕೇಲನ್ನು ಕಣ್ಣಿಗೆ ತಾಗಿಸದೆ ಅಂದಾಜು ಮಾಡಲಿ. ಎರಡೂ ಕಣ್ಣಿನ ಅಳತೆ ಬರೆದುಕೊಳ್ಳಿ. ನಂತರ ಕಿಟಕಿ ಮುಚ್ಚಿ ಕತ್ತಲಲ್ಲಿ ಪಾಪೆಗಳು ಸಮನಾಗಿ ಹಿಗ್ಗುತ್ತವೆಯೇ ನೋಡಿ. ಲೇಸರ್ ಬೆಳಕು ಬಳಸಲೇಬಾರದು. ಅರ್ಧ ಮಿಲಿಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಅದು ಅನೇಕರಲ್ಲಿ ಸಹಜ. ಹೊಸದಾಗಿ ಬಂದ ವ್ಯತ್ಯಾಸವನ್ನು ಮಾತ್ರ ವೈದ್ಯರಿಗೆ ತೋರಿಸಿ.

ಯೋಚಿಸಲು ಪ್ರಶ್ನೆಗಳು

1. ಹಾರ್ನರ್ ಇರುವ ಕಣ್ಣಿನ ಪಾಪೆ ಕೊಕೇನ್ ಹನಿಗೆ ಹಿಗ್ಗುವುದಿಲ್ಲ, ಅಪ್ರಾಕ್ಲೊನಿಡಿನ್‌ಗೆ ಹಿಗ್ಗುತ್ತದೆ. ಕಾರಣ ಕೊಡಿ.

2. ಎರಡು ಪಾಪೆಗಳ ವ್ಯತ್ಯಾಸವನ್ನು ಕತ್ತಲಲ್ಲಿ ನೋಡುವುದೇಕೆ? ಬಿಸಿಲಿನಲ್ಲಿ ನೋಡಿದರೆ ಏನು ತಪ್ಪುತ್ತದೆ?

3. ತೋಟದಲ್ಲಿ ಉಮ್ಮತ್ತಿ ಗಿಡ ಕಿತ್ತ ಹುಡುಗನೊಬ್ಬ ಕಣ್ಣು ಉಜ್ಜಿಕೊಂಡ. ಒಂದು ಪಾಪೆ ಅಗಲವಾಗಿದೆ, ರೆಪ್ಪೆ ಮಾತ್ರ ಸರಿಯಾಗಿದೆ. ಶೇಕಡಾ 1ರ ಪೈಲೊಕಾರ್ಪಿನ್ ಹನಿ ಪರಾನುವೇದನಾ ಗ್ರಾಹಕಗಳನ್ನು ಪ್ರಚೋದಿಸಿ ಪಾಪೆಯನ್ನು ಕುಗ್ಗಿಸುತ್ತದೆ. ಈ ಹುಡುಗನ ಪಾಪೆ ಅದಕ್ಕೆ ಕುಗ್ಗುವುದೇ? ಮೂರನೆಯ ಕಪಾಲ ನರ ಕೆಟ್ಟವರ ಪಾಪೆ ಕುಗ್ಗುವುದೇ?

4. ಬಲಗಣ್ಣಿಗೆ ಫಿನೈಲೆಫ್ರಿನ್ ಹಾಕಿದಾಗ ಎಡ ರೆಪ್ಪೆ ಇಳಿಯಿತು. ಹನಿ ಹಾಕದ ಕಣ್ಣು ಬದಲಾದದ್ದು ಹೇಗೆ?

ಉತ್ತರಗಳನ್ನು ಒಂದು ಹಾಳೆಯಲ್ಲಿ, ನರದ ದಾರಿಯ ಚಿತ್ರದೊಂದಿಗೆ ಬರೆದು ಜೀವಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಚಿತ್ರದಲ್ಲಿ ಶ್ವಾಸಕೋಶದ ನೆತ್ತಿಯನ್ನು ಬಿಡಬೇಡಿ.